ಮಾವನ ಹತ್ತು, ನನ್ನ ಮೂವತ್ತು

1984 ಸೆಪ್ಟೆಂಬರ್ 3, ಸೋಮವಾರ. ಮಧ್ಯಾಹ್ನ

ಇವತ್ತು ಐದು ಮಂದಿ. ಮೊದಲು ಮಾವನ ಹತ್ತು ಪ್ರಶ್ನೆ, ಆಮೇಲೆ ಪ್ಲೈವುಡ್ ಗೋಡೆಯ ಈಚೆ ನನ್ನ ಮೂವತ್ತು ಅಂಕ. ಈ ಕ್ರಮ ಅವರದೇ. ಸೀನಿಯರ್ ಮೊದಲು.

ಅರವತ್ತು ದಾಟಿದವರನ್ನು ಮನೆಯವರು 'ಮರೆವು ಜಾಸ್ತಿ' ಎಂದು ಕರೆತಂದರೆ ಇಬ್ಬರೂ ಬೇರೆಬೇರೆ ಪರೀಕ್ಷಿಸುವುದು. ಯಾವ ಪರೀಕ್ಷೆ ಮೇಲು ಎಂದು ಜನವರಿಯ ಡಾಕ್ಟರುಗಳ ಸಭೆಯಲ್ಲಿ ನಾನು ಪ್ರಬಂಧ ಓದುವುದು. ಮಾವ ಒಪ್ಪಿದ್ದು ತನ್ನದೇ ಗೆಲ್ಲುತ್ತದೆಂಬ ಭರವಸೆಯಿಂದ. ನಾನು ಕೇಳಿದ್ದೂ ಅದೇ ಭರವಸೆಯಿಂದ.

ಅವರ ಹತ್ತು ಇಂಗ್ಲೆಂಡಿನ ಪತ್ರಿಕೆಯಿಂದ ತೆಗೆದು ಮಂಗಳೂರಿಗೆ ಒಗ್ಗಿಸಿದ್ದು. ವಯಸ್ಸೆಷ್ಟು, ಇದು ಯಾವ ವರ್ಷ, ಸ್ವಾತಂತ್ರ್ಯ ಬಂದದ್ದು ಯಾವಾಗ, ಪ್ರಧಾನಿ ಯಾರು... ಮೊದಲಿಗೆ ಒಂದು ವಿಳಾಸ ಹೇಳುವುದು, ಕೊನೆಗೆ ಅದನ್ನು ಕೇಳುವುದು. ಏಳು ಬಂದರೆ ಪಾಸು. ನನ್ನದು ಅಮೆರಿಕದ್ದು. ಎಂ.ಡಿ. ಮುಗಿಸಿ ಬರುವಾಗ ತಂದದ್ದು. ಮೂರು ಶಬ್ದ ನೆನಪಿಡಬೇಕು, ನೂರರಿಂದ ಏಳೇಳು ಕಳೆಯಬೇಕು, ಒಂದು ವಾಕ್ಯ ಬರೆಯಬೇಕು, ಚಿತ್ರ ನೋಡಿ ಬಿಡಿಸಬೇಕು. ಇಪ್ಪತ್ತನಾಲ್ಕಕ್ಕಿಂತ ಕೆಳಗಿದ್ದರೆ ಸಂಶಯ.

ಇಂದು ಪೇಷಂಟ್ ಎದುರೇ ಮಾವ ಅರ್ಧಬಾಗಿಲಿನ ಮೇಲಿಂದ ತಲೆ ಹಾಕಿ: "ಅಣ್ಣು, ನಿನ್ನದು ಇನ್ನೂ ಮುಗಿಯಲಿಲ್ಲವಾ? ಅಷ್ಟರಲ್ಲಿ ನನ್ನ ಮೂರು ಜನ ಔಷಧಿ ತಗೊಂಡು ಮನೆಗೆ ಮುಟ್ಟಿದರು."

ಅಣ್ಣು ಮನೆಯ ಹೆಸರು. ಕ್ಲಿನಿಕ್ಕಿನಲ್ಲಿ ನಾನು ಅವರನ್ನು ಮಾವ ಎನ್ನಬಾರದು, ಡಾಕ್ಟ್ರೇ ಎನ್ನಬೇಕು. ಅವರು ನನ್ನನ್ನು ಅಣ್ಣು ಎನ್ನಬಹುದು. ನನಗೆ ಮೂವತ್ತೆಂಟು.

ಮಾವ ಅಮ್ಮನ ಅಣ್ಣ. ನಮ್ಮಲ್ಲಿ ಮಾವನ ನಂತರ ಅಳಿಯ ಎಂದು ಊರೆಲ್ಲ ಹೇಳುತ್ತದೆ. ಕೊಡಿಯಾಲ್‌ಬೈಲಿನ ಈ ಬೋರ್ಡಿನಲ್ಲಿ 'ಡಾ. ಶೀನಪ್ಪ ಆಳ್ವ' ಎಂಬುದರ ಕೆಳಗೆ ಒಂದು ಸಾಲಿನ ಜಾಗ ಬಿಟ್ಟಿದ್ದಾರೆ. ಎಂಟು ವರ್ಷದಿಂದ ಖಾಲಿ.

ಸೆಪ್ಟೆಂಬರ್ 14. ಸಂಜೆ

ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು. ನನ್ನಲ್ಲಿ ಇಪ್ಪತ್ತೆಂಟು. ಮಾವನಲ್ಲೂ ಒಂಬತ್ತು. ಎರಡರಲ್ಲೂ ಪಾಸು. ಆದರೂ ಮಾವ ಅವರ ಮಗನನ್ನು ಹೊರಗೆ ಕರೆದು, "ಕಾಯಿಲೆ ಉಂಟು, ಒಬ್ಬರನ್ನೇ ಎಲ್ಲಿಗೂ ಬಿಡಬೇಡಿ" ಅಂದರು.

ನಾನು ಕೇಳಿದೆ, ಯಾವ ಅಂಕದ ಮೇಲೆ?

"ಅಂಕ ಅಲ್ಲ ಮಾರಾಯ. ನೀನು ಪೇಪರ್ ನೋಡ್ತಾ ಇದ್ದಿ. ನಾನು ಅವರನ್ನು ನೋಡ್ತಾ ಇದ್ದೆ. ಒಂದೊಂದು ಉತ್ತರಕ್ಕೂ ಮೊದಲು ತಲೆ ತಿರುಗಿಸಿ ಹೆಂಡತಿ ಮುಖ ನೋಡ್ತಾರೆ. ಗೊತ್ತಿಲ್ಲದವ ತಲೆ ತಿರುಗಿಸ್ತಾನೆ. ಅದನ್ನು ನಿನ್ನ ಅಮೆರಿಕದವರು ಬರೆದಿದ್ದಾರಾ?"

ಬರೆದಿಲ್ಲ.

ಆಮೇಲೆ ಬಂದರಿನ ಒಬ್ಬ ಹೆಂಗಸು, ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಮಾವನಲ್ಲಿ ಎಂಟು, ನನ್ನಲ್ಲಿ ಹತ್ತೊಂಬತ್ತು. "ನಿನ್ನದು ತಲೆಯ ಪರೀಕ್ಷೆ ಅಲ್ಲ, ಎಸ್ಸೆಸ್ಸೆಲ್ಸಿ" ಅಂದರು. ನರ್ಸ್ ಗೆರ್ಟ್ರೂಡ್ ಸಿರಿಂಜ್ ಕುದಿಸುತ್ತಾ ನಕ್ಕಳು. ನಗಬೇಕಾದಲ್ಲಿ ಆಕೆ ಯಾವಾಗಲೂ ನಗುತ್ತಾಳೆ. ಇಪ್ಪತ್ತು ವರ್ಷದ ಸರ್ವಿಸ್.

ಒಂದೇ ಕಾದಂಬರಿಯ ಎರಡು ಅನುವಾದಗಳನ್ನು ಎದುರುಬದುರು ಇಟ್ಟು ಓದುತ್ತಿದ್ದೇನೆ. ಒಂದರಲ್ಲಿ ಮುದುಕ ಜನರಲ್ ತನ್ನ ಮಗನ ಹೆಸರನ್ನು 'ಮರೆತುಬಿಟ್ಟ'. ಇನ್ನೊಂದರಲ್ಲಿ 'ಮರೆತವನಂತೆ ಸುಮ್ಮನಾದ'. ಮೂಲ ಭಾಷೆ ಬಾರದವನು ಯಾವುದನ್ನು ನಂಬಬೇಕು?

ನವೆಂಬರ್ 1

ಕ್ಲಿನಿಕ್ ಇಲ್ಲ. ಊರಿಗೆ ಊರೇ ಮುಚ್ಚಿದೆ. ನಿನ್ನೆ ಸಂಜೆ ರೇಡಿಯೋದಲ್ಲಿ ಪ್ರಧಾನಿಯನ್ನು ಕೊಂದ ಸುದ್ದಿ ಬಂದಾಗ ಮಾವನೇ ಎದ್ದು ಬೆಂಚಿನಲ್ಲಿ ಕಾದು ಕೂತವರನ್ನು ಮನೆಗೆ ಕಳಿಸಿದರು. ಶಟರ್ ಎಳೆಯಿಸಿದರು. ಕಣ್ಣು ಒದ್ದೆಯಾಗಿತ್ತು. ನಾನು ಹಾಗೆ ನೋಡಿದ್ದಿಲ್ಲ.

ಅಮ್ಮನ ಜಾಗಕ್ಕೆ ಮಗ. ಪ್ರಮಾಣವೂ ಆಯಿತು.

ಇವತ್ತು ಶಕ್ತಿನಗರದ ಮಾವನ ಮನೆಗೆ ಹೋಗಿ ಮಾತಿಗೆ ಅಂದೆ: ಇನ್ನು ನಿಮ್ಮ ಎಂಟನೇ ಪ್ರಶ್ನೆಗೆ, ಪ್ರಧಾನಿ ಯಾರು ಎಂಬುದಕ್ಕೆ, ಉತ್ತರ ಬೇರೆ.

"ಇಂಥ ದಿವಸ ನಿನಗೆ ಅದೇ ಕಾಣುವುದಾ?" ಅಂದರು. ಸ್ನೇಹಲತಾ ಮಾಮಿ ಚಹಾ ತಂದವರು ನನ್ನ ಎದುರು ಇಡಲಿಲ್ಲ. ಮಾವನ ಎದುರೇ ಎರಡು ಲೋಟ ಇಟ್ಟು ಒಳಗೆ ಹೋದರು.

ನವೆಂಬರ್ 17, ಶನಿವಾರ

ಖುಷಿ. ಬರೆಯಲು ನಾಚಿಕೆ ಇಲ್ಲ, ಇದನ್ನು ಓದುವವರಿಲ್ಲ.

ಈ ತಿಂಗಳು ಮಾವನ ಅಂಕಗಳೆಲ್ಲ ಇಳಿದಿವೆ. ಒಂಬತ್ತು ಬರುವವರಿಗೆ ಎಂಟು, ಏಳರವರಿಗೆ ಆರು. ಅಂಥವರಿಗೇ ನನ್ನಲ್ಲಿ ಬರುವ ಅಂಕ ಮೊದಲಿನಷ್ಟೇ. ಎರಡು ತಿಂಗಳು ನೆಟ್ಟಗೆ ನಿಂತ ಪರೀಕ್ಷೆ ಮೂರನೇ ತಿಂಗಳು ವಾಲುತ್ತದೆ ಎಂದರೆ ಅದರ ಬುಡ ಗಟ್ಟಿಯಿಲ್ಲ. ಪ್ರಬಂಧಕ್ಕೆ ಇಷ್ಟು ಸಾಕು. ಯಾಕೆ ಇಳಿಯಿತೆಂದು ನೋಡಬೇಕು. ಸಭೆಗಿಂತ ಮೊದಲು ನೋಡಿದರೆ ಸಾಕು.

ನವೆಂಬರ್ 20. ಮಧ್ಯಾಹ್ನ ಎರಡು

ಮುದ್ದು ಎಂಬ ಹೆಂಗಸು. ಎಪ್ಪತ್ತು ಇರಬಹುದು. ಬಿಕರ್ನಕಟ್ಟೆಯಲ್ಲಿ ನಾನು ಬಸ್ಸಿಗೆ ನಿಲ್ಲುವಲ್ಲೇ ಅವಳ ಗೂಡಂಗಡಿ. ಬಾಲಯೇಸುವಿನ ಚರ್ಚಿಗೆ ಹೋಗುವವರಿಗೆ ಮೇಣದಬತ್ತಿ, ಹೂ, ಸೋಡ. ಗುರುವಾರ ಕಾಲಿಡಲು ಜಾಗ ಇರುವುದಿಲ್ಲ. ಕರೆತಂದವನು ಮಗ ಪೂವಪ್ಪ, ಬಹರೈನ್‌ನಿಂದ ರಜೆಯಲ್ಲಿ. ಕೈಯಲ್ಲಿ ದಪ್ಪ ವಾಚು.

"ಒಂದು ದಿವಸ ಸ್ಟವ್ ಉರೀತಾನೇ ಬಿಟ್ಟು ಹೋಗಿದ್ದಾರೆ ಡಾಕ್ಟ್ರೇ. ಅಂಗಡಿ ಸಾಕು ಅಂದರೆ ಕೇಳುವುದಿಲ್ಲ. ನೀವು ಒಂದು ಮಾತು ಬರೆದು ಕೊಟ್ಟರೆ ಕೇಳ್ತಾರೆ."

"ನಿನಗೆ ನಾನು ಅಂಗಡಿಯಲ್ಲಿ ಕೂತದ್ದು ಮರ್ಯಾದೆ ಕಡಿಮೆ. ಅದನ್ನು ಹೇಳು ಡಾಕ್ಟ್ರಿಗೆ," ಅಂದಳು ಮುದ್ದು.

ಮಗನನ್ನು ಹೊರಗೆ ಕೂರಿಸಿ ಮಾವ ತಮ್ಮ ಹತ್ತು ಕೇಳಿದರು. ನನ್ನಲ್ಲಿ ಆಗ ಬೇರೆ ಪೇಷಂಟ್. ಗೋಡೆಯಾಚೆ ಸ್ವಲ್ಪ ಜೋರು ಮಾತು ಕೇಳಿಸಿತು, ಗಮನ ಕೊಡಲಿಲ್ಲ. ಆಮೇಲೆ ನನ್ನಲ್ಲಿಗೆ. ನೂರರಿಂದ ಏಳೇಳು ಕಳೆಯಿರಿ ಎಂದೆ.

"ಏಳು ಯಾರು ತಗೊಳ್ತಾರೆ? ಮೇಣ ಐದು ತಗೊಳ್ತಾರೆ, ಹತ್ತು ತಗೊಳ್ತಾರೆ. ನೀವು ಐದೈದು ಕೇಳಿ."

ಹಾಗೆ ಕೇಳುವಂತಿಲ್ಲ. ಸೊನ್ನೆ. ವಾಕ್ಯ ಬರೆಯಿರಿ ಎಂದದ್ದಕ್ಕೆ ನಾಲ್ಕು ಗೀಟು ಎಳೆದು ಅಡ್ಡ ಒಂದು ಗೀಟು ಹಾಕಿದಳು, ಕಟ್ಟು ಲೆಕ್ಕ ಮಾಡುವ ಹಾಗೆ. ಸೊನ್ನೆ. ಒಟ್ಟು ಇಪ್ಪತ್ತು.

ಮಾವನಲ್ಲಿ ಆರು. ಪಕ್ಕದಲ್ಲಿ ಅವರ ಅಕ್ಷರ: 'ವಾದ ಮಾಡುತ್ತಾಳೆ.'

ಮೂರು ತಿಂಗಳಲ್ಲಿ ಮೊದಲ ಸಲ ಕಾಯಿಲೆ ಉಂಟೆಂದು ಇಬ್ಬರೂ ಒಪ್ಪಿದೆವು. ಅಂಗಡಿ ನಡೆಸುವಂತಿಲ್ಲ ಎಂಬ ಚೀಟಿಗೆ ಮಾವ ಸಹಿ ಹಾಕಿ ನನ್ನ ಕಡೆ ದೂಡಿದರು. ನಾನೂ ಹಾಕಿದೆ. ಪೂವಪ್ಪ ಅಲ್ಲೇ ಬೆಂಚಿನ ಎದುರು ತಾಯಿಯ ಸೊಂಟದಿಂದ ಅಂಗಡಿಯ ಕೀಲಿಕೈ ಬಿಡಿಸಿಕೊಂಡ. ಅವಳು ತಡೆಯಲಿಲ್ಲ. ಮಾವನ ಬಾಗಿಲನ್ನೇ ನೋಡುತ್ತಾ ನಿಂತಳು.

ಡಿಸೆಂಬರ್ 3

ಮಾವನ ಅಂಕಗಳು ಮತ್ತೆ ಏರಿವೆ. ಒಂದೊಂದು ಅಂಕ, ಎಲ್ಲರದ್ದೂ. ಔಷಧಿ ಬದಲಾಗಿಲ್ಲ, ಜನ ಹೊಸಬರು. ನನ್ನ ಪ್ರಬಂಧದ ಅರ್ಧ ಹೋಯಿತು. ಸಿಟ್ಟು.

ಡಿಸೆಂಬರ್ 6, ಗುರುವಾರ. ಕ್ಲಿನಿಕ್ಕಿನಲ್ಲೇ, ಒಂದು ಗಂಟೆ

ಕೈತೊಳೆಯಲು ಹಿಂದೆ ಹೋಗಿದ್ದವನು ಬೆಂಚಿನ ಬದಿಯ ಬಾಗಿಲಿನಿಂದ ಬಂದೆ. ನನ್ನನ್ನು ಯಾರೂ ನೋಡಲಿಲ್ಲ. ಬಂದರಿನ ಗೋದಾಮಿನ ಸಮದ್ ಬ್ಯಾರಿ, ಮಧುಮೇಹಕ್ಕೆ ಎರಡು ವಾರಕ್ಕೊಮ್ಮೆ ಬರುವವರು, ಪಕ್ಕದ ಹೊಸ ಮುದುಕನಿಗೆ ಹೇಳಿಕೊಡುತ್ತಿದ್ದರು.

"ವಿಳಾಸ ಕೇಳಿದರೆ ಹಂಪನಕಟ್ಟೆ, ಗಡಿಯಾರದ ಎದುರು, ಹನ್ನೆರಡನೇ ನಂಬರ್. ಯಾವಾಗಲೂ ಅದೇ. ಪ್ರಧಾನಿ ಕೇಳಿದರೆ ಅಮ್ಮನ ಹೆಸರೇ ಹೇಳಿ. ಮಗನದ್ದು ಹೇಳಬೇಡಿ, ಬೈತಾರೆ."

"ಅವರು ತೀರಿಹೋದರಲ್ಲ!"

"ಗೊತ್ತುಂಟು ಮಾರಾಯ್ರೇ. ಡಾಕ್ಟ್ರಿಗೆ ಅವರ ಮೇಲೆ ಪ್ರೀತಿ ಇರಬೇಕು. ನಿಮಗೆ ಎಂತ ಹೋಗ್ತದೆ? ಹೇಳಿ ಬನ್ನಿ."

ಬೆಂಚು ನಕ್ಕಿತು. ಗೆರ್ಟ್ರೂಡ್ "ಶ್ಶ್" ಅಂದಳು. ತಡೆಯಲು ಅಲ್ಲ, ಮೆಲ್ಲಗೆ ಮಾತಾಡಿ ಎಂದು.

ನನ್ನ ಕೋಣೆಗೆ ಹೋಗಿ ಗೋಡೆಗೆ ಕಿವಿ ಕೊಟ್ಟೆ. ಹೊಸ ಮುದುಕ ಒಳಗೆ. ಮಾವನ ಎಂಟನೇ ಪ್ರಶ್ನೆ. ಮುದುಕ ಅಮ್ಮನ ಹೆಸರು ಹೇಳಿದ. "ಸರಿ," ಅಂದರು ಮಾವ. ಪೆನ್ನಿನ ಶಬ್ದ.

ಅಷ್ಟೇ. ನವೆಂಬರಿನಲ್ಲಿ ಜನ ನಿಜ ಹೇಳಿದರು, ಅಂಕ ಇಳಿಯಿತು. ಆಮೇಲೆ ಬೆಂಚು ಕಲಿತುಕೊಂಡಿತು, ಅಂಕ ಏರಿತು.

ಗೆರ್ಟ್ರೂಡ್‌ಳನ್ನು ಕರೆದೆ. ನಿಮಗೆ ಯಾವಾಗಿನಿಂದ ಗೊತ್ತು?

"ಒಂದು ತಿಂಗಳು ಆಯಿತು ಸರ್."

ಯಾಕೆ ಹೇಳಲಿಲ್ಲ?

"ಯಾರಿಗೆ ಹೇಳುವುದು? ಅವರಿಗೆ ಹೇಳುವ ಧೈರ್ಯ ನನಗಿಲ್ಲ. ನಿಮಗೆ ಹೇಳಿದರೆ..." ಆಮೇಲೆ ನೇರವಾಗಿ ನನ್ನ ಮುಖಕ್ಕೇ: "ನಿಮಗೆ ಹೇಳಿದರೆ ನಿಮಗೆ ಖುಷಿಯಾಗ್ತಿತ್ತು ಸರ್. ಅದಕ್ಕೆ ಹೇಳಲಿಲ್ಲ."

ಡಿಸೆಂಬರ್ 7. ಬೆಳಿಗ್ಗೆ

ಬಸ್ಸಿಗೆ ಹೋಗುವಾಗ ನೋಡಿದೆ. ಗೂಡಂಗಡಿಗೆ ಬೀಗ. ಮೆಟ್ಟಿಲಿನಲ್ಲಿ ಮುದ್ದು ಕೂತಿದ್ದಾಳೆ. ಎದುರುಗಡೆ ಇನ್ಯಾರೋ ಬುಟ್ಟಿಯಲ್ಲಿ ಮೇಣದಬತ್ತಿ ಮಾರುತ್ತಿದ್ದಾರೆ.

"ಸಣ್ಣ ಡಾಕ್ಟ್ರಾ? ಬನ್ನಿ. ಸೋಡ ಕೊಡಲಿಕ್ಕೆ ಇಲ್ಲ, ಕೀಲಿಕೈ ನೀವು ತೆಗೆಸಿದ್ದೀರಿ."

ಅಂದು ಒಳಗೆ ಎಂತ ಆಯಿತೆಂದು ಕೇಳಿದೆ.

"ದೊಡ್ಡ ಡಾಕ್ಟ್ರು ಪ್ರಧಾನಿ ಯಾರು ಅಂದರು. ಮಗ ಅಂದೆ. ತಪ್ಪು, ಅಮ್ಮ ಅಂದರು. ಅಮ್ಮ ಸತ್ತರಲ್ಲ, ಆ ದಿವಸ ನಾನೂ ಅಂಗಡಿ ಮುಚ್ಚಿದ್ದೇನೆ ಅಂದೆ. ವಾದ ಮಾಡಬೇಡ ಅಂದರು. ಬೆಂಚಿನಲ್ಲಿ ಆಮೇಲೆ ಒಬ್ಬಳು ಹೇಳಿದಳು, ಹೂಂ ಅಂದುಬಿಡಬೇಕಿತ್ತು ಅಂತ. ನನಗೆ ಸತ್ತವರನ್ನು ಬದುಕಿದ್ದಾರೆ ಅಂತ ಹೇಳಲಿಕ್ಕೆ ಬರುವುದಿಲ್ಲ."

ಸ್ಟವ್?

"ಒಂದು ಸಲ ಬಿಟ್ಟಿದ್ದೇನೆ. ನೀವು ಎಂತದೂ ಬಿಟ್ಟಿಲ್ಲವಾ?"

ಆ ಒಂದು ಅಂಕ ಸೇರಿದರೆ ಏಳು. ಪಾಸು. ನನ್ನ ಇಪ್ಪತ್ತು ಬರೀ ಶಾಲೆಯ ಲೆಕ್ಕ. ಮಾವ ಮೂರು ತಿಂಗಳ ಹಿಂದೆಯೇ ಹೇಳಿದ್ದರು. ಇವಳಿಗೆ ಕಾಯಿಲೆ ಇಲ್ಲ. ಒಂದು ಪರೀಕ್ಷೆಯ ಡಾಕ್ಟರು ಸರಿಯಿಲ್ಲ, ಇನ್ನೊಬ್ಬ ಡಾಕ್ಟರ ಪರೀಕ್ಷೆಯೇ ಸರಿಯಿಲ್ಲ. ನಾವು ಒಪ್ಪಿದ ಒಂದೇ ಒಂದು ಕೇಸ್.

ಚೀಟಿ ವಾಪಸು ಪಡೆಯಬೇಕಾದರೆ ಮಾವನ ಸಹಿ ಬೇಕು. ಸಹಿ ಬೇಕಾದರೆ ಕಾರಣ ಹೇಳಬೇಕು. ಹೇಳುವವನು ಅವರ ಕುರ್ಚಿಗೆ ಕಾದು ಕೂತವನು.

ಡಿಸೆಂಬರ್ 12, ಬುಧವಾರ

ಕೇಳಿಯೇ ಬಿಟ್ಟೆ. ಕೊನೆಯ ಪೇಷಂಟ್ ಹೋದ ಮೇಲೆ. ಡಾಕ್ಟ್ರೇ, ನನ್ನ ಪರೀಕ್ಷೆಯನ್ನು ನಿಮ್ಮ ಮೇಲೆ ಒಮ್ಮೆ ಮಾಡಬೇಕು ಎಂದೆ. ಕಾಯಿಲೆ ಇಲ್ಲದವರ ಅಂಕವೂ ಪ್ರಬಂಧಕ್ಕೆ ಬೇಕು ಎಂದು ನೆಪ ಹೇಳಿದೆ. ನಂಬಲಿಲ್ಲ. ಆದರೂ ಕೂತರು. ಪೇಷಂಟ್ ಸ್ಟೂಲಿನಲ್ಲಿ ಅಲ್ಲ, ತಮ್ಮದೇ ಕುರ್ಚಿಯಲ್ಲಿ.

ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ. ತೊಂಬತ್ತಮೂರು, ಎಂಬತ್ತಾರು, ಎಪ್ಪತ್ತೊಂಬತ್ತು... ಚಿತ್ರ ನನ್ನದಕ್ಕಿಂತ ಚಂದ. ಮೂರು ಶಬ್ದ ನಾನು ಹೇಳುವುದರೊಳಗೇ ಹೇಳಿದರು.

"ಕೊಡೆ, ಬಾವಿ, ಕುರ್ಚಿ. ಕುರ್ಚಿ ನಿನಗೆ ಎಂದೂ ಮರೆಯುವುದಿಲ್ಲ, ಅಲ್ಲವಾ ಅಣ್ಣು?"

ಮೂವತ್ತಕ್ಕೆ ಮೂವತ್ತು.

ಕೊನೆಗೆ ಅಂದೆ: ಪ್ರಧಾನಿ ಯಾರು?

ರಸ್ತೆಯಲ್ಲಿ ಚುನಾವಣೆಯ ಜೀಪು ಕೂಗುತ್ತಾ ಹೋಯಿತು. ಮಾವ ಎದ್ದು ಕಿಟಕಿ ಹಾಕಿದರು. "ಅದು ನನ್ನ ಪ್ರಶ್ನೆ. ನನ್ನ ಪ್ರಶ್ನೆ ನನಗೇ ಕೇಳ್ತಿಯಾ? ನಿನ್ನ ಅಮ್ಮನಿಗೆ ಹೇಳ್ತೇನೆ, ನಿನ್ನನ್ನು ಓದಿಸಿದ್ದು ದಂಡ ಅಂತ."

ಉತ್ತರ ಹೇಳಲಿಲ್ಲ. ಮರೆತದ್ದಾ? ಸಿಟ್ಟಾ? ಆ ಕಾದಂಬರಿಯ ಜನರಲ್‌ನ ಕತೆಯೇ ಮತ್ತೆ.

ಡಿಸೆಂಬರ್ 13

ಬಸ್ಸಿನಲ್ಲಿ ಹೊಳೆಯಿತು. ಎಂಟು ವರ್ಷ ಆ ಪ್ಲೈವುಡ್ಡಿನ ಆಚೆ ಕೂತು ನನ್ನ ಪರೀಕ್ಷೆ ಕೇಳಿದ್ದಾರೆ. ನಾನು ಶಬ್ದ ಒಂದು ದಿವಸವೂ ಬದಲಿಸಿಲ್ಲ. ಅವರದ್ದು ಅವರಿಗೆ ಬಾಯಿಪಾಠ, ನನ್ನದೂ ಬಾಯಿಪಾಠ. ಈ ಊರಿನಲ್ಲಿರುವ ಎರಡು ಪರೀಕ್ಷೆಗಳಲ್ಲೂ ಫೇಲಾಗಲು ಸಾಧ್ಯವಿಲ್ಲದ ಒಬ್ಬನೇ ಮನುಷ್ಯ.

ಡಿಸೆಂಬರ್ 14. ಸಂಜೆ

ಮಾಮಿ ಫೋನ್. ಕ್ಲಿನಿಕ್ಕಿನ ನಂಬರಿಗೇ, ಗೆರ್ಟ್ರೂಡ್ ಎದುರಿಗೇ.

"ಮಾವನಿಗೆ ಪರೀಕ್ಷೆ ಇಟ್ಟಿಯಂತೆ. ಪಾಸಾದರಾ?"

ಪಾಸು ಮಾಮಿ.

"ಮತ್ತೆ? ಕುರ್ಚಿ ಬೇಕಾದರೆ ಬಾಯಿಬಿಟ್ಟು ಕೇಳು. ಹುಚ್ಚ ಅಂತ ಮಾಡಿ ತಗೊಳ್ಳಬೇಡ."

ಮನೆಯಲ್ಲಿ ಎಲ್ಲ ಸರಿ ಉಂಟಾ ಎಂದು ಕೇಳಿದೆ.

"ಸರಿ ಉಂಟು." ಫೋನ್ ಇಡಲಿಲ್ಲ. "ಬೆಳಿಗ್ಗೆ ಅಂಗಿ ನಾನೇ ತೆಗೆದಿಡ್ತೇನೆ. ದಾರಿ ಡ್ರೈವರಿಗೆ ಗೊತ್ತುಂಟು. ಅಷ್ಟರಲ್ಲಿ ನಡೀತದೆ. ನಡೆಯಲಿಕ್ಕೆ ಬಿಡು."

ಇಟ್ಟರು.

ಡಿಸೆಂಬರ್ 16

ಉಪಾಯ. ಕೆಟ್ಟದ್ದು. ಬೇರೆ ಕಾಣುವುದಿಲ್ಲ.

ಮುದ್ದುವನ್ನು ಮತ್ತೆ ಪರೀಕ್ಷಿಸಬೇಕು ಎಂದೆ ಮಾವನಿಗೆ. ಒಪ್ಪಲಿಲ್ಲ. ಆಗ ಹೇಳಿದೆ: ಬೆಂಚಿನವರಿಗೆಲ್ಲ ನಿಮ್ಮ ಹಂಪನಕಟ್ಟೆ ವಿಳಾಸ ಬಾಯಿಪಾಠ, ಸಭೆಯಲ್ಲಿ ಯಾರಾದರೂ ಕೇಳಿದರೆ ನಿಮ್ಮ ಹತ್ತು ಬಿದ್ದುಹೋಗುತ್ತದೆ. ಹೊಸ ವಿಳಾಸ ಹಾಕಿ ಒಂದು ಸಲ ಮಾಡಿ ತೋರಿಸಿ.

ತಕ್ಷಣ ಒಪ್ಪಿದರು. "ಆದರೆ ವಿಳಾಸ ನಾನೇ ಹೇಳ್ತೇನೆ. ನೀನು ಬರೆದು ಕೊಟ್ಟದ್ದು ಬೇಡ."

ಅದೇ ಬೇಕಾಗಿತ್ತು. ಎಲ್ಲೂ ಬರೆದಿಡದ ವಿಳಾಸ. ಅಂದು ಸ್ಟೂಲಿನಲ್ಲಿ ಕೂರುವವಳು ಮುದ್ದು. ಪರೀಕ್ಷೆ ಯಾರದ್ದೆಂದು ನನಗೆ ಗೊತ್ತು.

ಡಿಸೆಂಬರ್ 29, ಶನಿವಾರ. ಮಧ್ಯಾಹ್ನ ಹನ್ನೆರಡೂವರೆ

ಈಗಷ್ಟೇ ಮುಗಿಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಪೂವಪ್ಪನನ್ನೂ ಒಳಗೆ ಕೂರಿಸಿ ಎಂದು ನಾನೇ ಹೇಳಿದ್ದೆ. ಸ್ಟೂಲಿನಲ್ಲಿ ಮುದ್ದು, ಹಿಂದೆ ಅವನು, ಬಾಗಿಲಲ್ಲಿ ನಾನು. ಮಾವ ಬಿಳಿ ಅಂಗಿ, ತಲೆ ಒಪ್ಪವಾಗಿ ಬಾಚಿದ್ದರು.

"ಒಂದು ವಿಳಾಸ ಹೇಳ್ತೇನೆ. ಕೊನೆಗೆ ಕೇಳ್ತೇನೆ." ಯೋಚಿಸಿದರು. ಮೇಲೆ ಫ್ಯಾನ್ ನೋಡಿದರು. "ಬೋಳಾರ. ಹಂಚಿನ ಕಾರ್ಖಾನೆಯ ಹಿಂದೆ. ಕೆಂಪು ಗೇಟಿನ ಮನೆ, ಮಹಡಿ ಮೇಲೆ."

ನನಗೆ ಆ ವಿಳಾಸ ಗೊತ್ತು. ಮಾವ ಕಾಲೇಜಿಗೆ ಹೋಗುವಾಗ ಇದ್ದ ಬಾಡಿಗೆ ಕೋಣೆ. ಅಮ್ಮ ಸಣ್ಣವಳಿರುವಾಗ ಅಲ್ಲಿಗೆ ಅಕ್ಕಿ ಕೊಂಡುಹೋಗಿ ಕೊಡುತ್ತಿದ್ದಳಂತೆ.

ವಯಸ್ಸು, ಹೊತ್ತು, ವರ್ಷ. ಮುದ್ದು ಒಂದೊಂದಕ್ಕೂ ಉತ್ತರ ಕೊಟ್ಟಳು. ಸ್ವಾತಂತ್ರ್ಯದ ವರ್ಷ ತಪ್ಪು. ಎಂಟನೆಯದು ಬಂತು.

"ಪ್ರಧಾನಿ ಯಾರು?"

ಅವಳು ಮಗನ ಹೆಸರು ಹೇಳಿದಳು.

"ತಪ್ಪು."

"ತಪ್ಪಾದರೆ ತಪ್ಪು. ಅಂಗಡಿ ಹೋದರೂ ಅದೇ ಹೇಳ್ತೇನೆ."

ಪೂವಪ್ಪ ಕುರ್ಚಿಯಿಂದ ಮುಂದೆ ಬಾಗಿದ. "ಡಾಕ್ಟ್ರೇ... ಅಮ್ಮ ಹೇಳಿದ್ದು ಸರಿ ಉಂಟಲ್ಲ?"

ಮಾವ ಅವನನ್ನು ನೋಡಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಪೆನ್ನು ಕಾಗದದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಗೀಟು ಎಳೆದರು. ಸರಿಯೋ ತಪ್ಪೋ ನನಗೆ ಕಾಣಲಿಲ್ಲ. ಒಂಬತ್ತನೆಯದು, ಇಪ್ಪತ್ತರಿಂದ ಹಿಂದಕ್ಕೆ ಎಣಿಸುವುದು. ಮೇಣದ ಕಟ್ಟು ಬಿಚ್ಚುವ ಹಾಗೆ ಎಣಿಸಿದಳು.

"ಹತ್ತನೆಯದು. ನಾನು ಹೇಳಿದ ವಿಳಾಸ?"

"ಬೋಳಾರ. ಹಂಚಿನ ಕಾರ್ಖಾನೆಯ ಹಿಂದೆ. ಕೆಂಪು ಗೇಟು. ಮಹಡಿ ಮೇಲೆ."

ಮಾವನ ಮುಖದಲ್ಲಿ ಒಂದು ಬೆಳಕು ಬಂತು. ನಿಜವಾದ ಸಂತೋಷ. "ಅಲ್ಲಿ ನಾನು ಇದ್ದೆ! ಮೂರು ವರ್ಷ ಇದ್ದೆ. ನಿನಗೆ ಅದು ಯಾರು ಹೇಳಿದ್ದು?"

ಪೂವಪ್ಪ ವಾಚನ್ನು ಅಂಗಿಯ ತೋಳಿನೊಳಗೆ ದೂಡಿಕೊಂಡ. ಮುದ್ದು ಮಾತ್ರ ಮಾವನನ್ನೇ ನೋಡುತ್ತಿದ್ದಳು. ಕೀಲಿಕೈ ತೆಗೆಸಿದವರನ್ನು ನೋಡುವ ನೋಟ ಅದಾಗಿರಲಿಲ್ಲ.

"ನೀವೇ ಡಾಕ್ಟ್ರೇ," ಅಂದಳು. "ಈಗ ಹೇಳಿದ್ದು. ಸರಿ ಉಂಟು. ಮಾರ್ಕು ಹಾಕಿ."

ಮಾವ ಪೆನ್ನು ಎತ್ತಿದರು. ಹಾಕಲಿಲ್ಲ. ಮೆಲ್ಲಗೆ ತಲೆ ತಿರುಗಿಸಿದರು. ನನ್ನ ಕಡೆಗೆ.

ನಾಲ್ಕು ತಿಂಗಳಿಂದ ಇದಕ್ಕೆ ಕಾದಿದ್ದೆ. ನೋಡಲಾಗಲಿಲ್ಲ.

ಹೌದು ಮಾವ, ಎಂದೆ. ಡಾಕ್ಟ್ರೇ ಎನ್ನಬೇಕಿತ್ತು. ಅವರು ತಿದ್ದಲಿಲ್ಲ. ಮಾರ್ಕು ಹಾಕಿ, ಹಳೆ ಚೀಟಿ ಹರಿದು, ಹೊಸದಕ್ಕೆ ಸಹಿ ಮಾಡಿದರು. ಪೂವಪ್ಪ ಜೇಬಿನಿಂದ ಕೀಲಿಕೈ ತೆಗೆದು ತಾಯಿಯ ಕೈಗೆ ಕೊಟ್ಟ. ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನನ್ನು ದಾಟಿ ಹೋಗುವಾಗ ಮೆಲ್ಲಗೆ ಅಂದಳು, "ಅವರನ್ನು ಒಬ್ಬರನ್ನೇ ಬಿಡಬೇಡಿ ಸಣ್ಣ ಡಾಕ್ಟ್ರೇ."

ಗೆರ್ಟ್ರೂಡ್ ಶಟರ್ ಅರ್ಧ ಎಳೆದಿದ್ದಾಳೆ. ಮಾವ ಇನ್ನೂ ಆಚೆ ಕೂತಿದ್ದಾರೆ. ಪ್ಲೈವುಡ್ಡಿನ ಮೂಲಕ ಕೇಳಿಸುತ್ತಿದೆ, ತಮಗೆ ತಾವೇ ಹೇಳಿಕೊಳ್ಳುತ್ತಿದ್ದಾರೆ. ಬೋಳಾರ, ಹಂಚಿನ ಕಾರ್ಖಾನೆ, ಕೆಂಪು... ನಿಲ್ಲಿಸುತ್ತಾರೆ. ಮತ್ತೆ ಮೊದಲಿನಿಂದ. ಬೋಳಾರ, ಹಂಚಿನ...

ಕರೆಯುತ್ತಿದ್ದಾರೆ. ಅಣ್ಣು ಎಂದು. ಇನ್ನೊಮ್ಮೆ. ಪೆನ್ನು ಇಟ್ಟು ಹೋಗುತ್ತೇನೆ.